ಘಟ್ಟದ ದಾರಿಯೂ ನಲವತ್ತೆಂಟು ವೋಲ್ಟೂ

ಅಮೆರಿಕ ಸಂಯುಕ್ತ ಸಂಸ್ಥಾನದ ಕೊಲೊರಾಡೊ ರಾಜ್ಯದಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ನಗರವಿದೆ. ಪೂರ್ವದಿಕ್ಕಿನಿಂದ ನೂರಾರು ಮೈಲಿ ಹಾಸಿಕೊಂಡು ಬಂದ ಹುಲ್ಲುಬಯಲು ಈ ನಗರದ ಪಶ್ಚಿಮದ ಅಂಚಿನಲ್ಲಿ ಥಟ್ಟನೆ ಮುಗಿದುಹೋಗುತ್ತದೆ. ರಾಕಿ ಪರ್ವತಗಳ ಗೋಡೆ ಎದುರಿಗೆ ಎದ್ದು ನಿಲ್ಲುತ್ತದೆ. ಆ ಗೋಡೆಯಲ್ಲಿ ಒಂದು ಬಿರುಕು. ಅದರ ಹೆಸರು ಯೂಟ್ ಪಾಸ್. ಯೂಟ್ ಎಂಬುದು ಆ ಬೆಟ್ಟಗಳ ಮೂಲನಿವಾಸಿಗಳಾದ ಜನಾಂಗದ ಹೆಸರು. ಬೇಸಗೆಯ ಮೇವಿಗಾಗಿ ಮೇಲಿನ ಮಾಳಕ್ಕೆ ಏರುತ್ತಿದ್ದ ಬೈಸನ್ ಕಾಡುಕೋಣಗಳು ತುಳಿದ ಜಾಡನ್ನು ಅವರು ಹಿಡಿದರು. ಅವರ ಜಾಡನ್ನು ಚಿನ್ನ ಅರಸಿ ಬಂದವರ ಬಂಡಿಗಳು ಹಿಡಿದವು. ೧೮೮೭ರಲ್ಲಿ ಕೊಲೊರಾಡೊ ಮಿಡ್‌ಲ್ಯಾಂಡ್ ಕಂಪನಿಯ ರೈಲು ಅದೇ ಬಿರುಕಿನಲ್ಲಿ ಉಸಿರು ಬಿಡುತ್ತ ಏರಿತು. ಈಗ ಅಲ್ಲಿ ರೈಲಿಲ್ಲ. ಇಪ್ಪತ್ತನಾಲ್ಕನೆಯ ನಂಬರಿನ ಹೆದ್ದಾರಿಯಿದೆ.

ದಾರಿಯ ಬುಡದಲ್ಲಿ ಮ್ಯಾನಿಟೂ ಸ್ಪ್ರಿಂಗ್ಸ್ ಎಂಬ ಪುಟ್ಟ ಊರು. ಖನಿಜಗಳಿಂದ ಕೂಡಿದ ಸೋಡಾ ನೀರು ಅಲ್ಲಿ ನೆಲದಿಂದಲೇ ಉಕ್ಕುತ್ತದೆ. ಬೀದಿಬದಿಯ ಚಿಲುಮೆಗಳಿಗೆ ಬಾಯಿಯೊಡ್ಡಿ ಯಾರು ಬೇಕಾದರೂ ಕುಡಿಯಬಹುದು. ಒಂದೊಂದು ಚಿಲುಮೆಗೆ ಒಂದೊಂದು ರುಚಿ. ಕೆಲವಂತೂ ಒಮ್ಮೆ ಕುಡಿದವನು ಇನ್ನೊಮ್ಮೆ ಕೇಳಲಾರದಂಥವು. ಅಲ್ಲಿಂದ ಮುಂದೆ ರಸ್ತೆ ಕೆಂಪು ಬಂಡೆಗಳ ನಡುವೆ ತಿರುಗಿ ತಿರುಗಿ ಏರುತ್ತದೆ. ಎಡಗಡೆ ಮರಗಳ ಸಂದಿನಲ್ಲಿ ಆಗಾಗ ಇಣುಕುವುದು ೧೪,೧೧೫ ಅಡಿ ಎತ್ತರದ ಪೈಕ್ಸ್ ಪೀಕ್. ೧೮೦೬ರಲ್ಲಿ ಅದನ್ನು ಕಂಡ ಜೆಬ್ಯುಲನ್ ಪೈಕ್ ಎಂಬ ಸೇನಾಧಿಕಾರಿ ಶಿಖರವನ್ನು ಮುಟ್ಟಲಾರದೆ ಹಿಂದಿರುಗಿದ. ಆದರೂ ಹೆಸರು ಮಾತ್ರ ಅವನದೇ ಆಗಿ ನಿಂತಿತು. ಚರಿತ್ರೆಯ ಔದಾರ್ಯ ಕೆಲವೊಮ್ಮೆ ಹೀಗಿರುತ್ತದೆ.

ಈ ದಾರಿಯ ಸೊಬಗನ್ನು ವರ್ಣಿಸಿದವರು ಬಹಳ ಮಂದಿ. ಆದರೆ ಬೇಸಗೆಯ ಒಂದು ಶನಿವಾರ ಬೆಳಗ್ಗೆ ರಸ್ತೆಯ ಬದಿಯಲ್ಲಿ ಅರ್ಧ ಗಂಟೆ ನಿಂತವನ ಗಮನಕ್ಕೆ ಬೆಟ್ಟಕ್ಕಿಂತ ಮೊದಲು ಬರುವುದು ಇನ್ನೊಂದು ಸಂಗತಿ. ಏರುತ್ತಿರುವ ವಾಹನಗಳಲ್ಲಿ ಅನೇಕವು ಏನನ್ನಾದರೂ ಎಳೆದುಕೊಂಡು ಏರುತ್ತಿರುತ್ತವೆ. ಒಂದರ ಹಿಂದೆ ನಾಲ್ಕು ಕುದುರೆಗಳ ಗಾಡಿ. ಒಂದರ ಹಿಂದೆ ಅಡಿಗೆಮನೆ, ಮಲಗುವ ಕೋಣೆಗಳುಳ್ಳ ಚಕ್ರದ ಮನೆ. ಮತ್ತೊಂದರ ಹಿಂದೆ ಅಟ್ಟಿಯೊಟ್ಟಿದ ಒಣಹುಲ್ಲು. ಎಳೆಯುವುದು ಮುಂದೆ ಬಾನೆಟ್ಟು, ಹಿಂದೆ ತೆರೆದ ತೊಟ್ಟಿ ಇರುವ ದೊಡ್ಡ ಗಾತ್ರದ ಡೀಸೆಲ್ ಟ್ರಕ್ಕು. ಅಮೆರಿಕದ ಹಳ್ಳಿಗಾಡಿನಲ್ಲಿ ಅದು ಕಾರೂ ಹೌದು, ಎತ್ತಿನ ಬಂಡಿಯೂ ಹೌದು. ರೈತನು ಚರ್ಚಿಗೆ ಹೋಗುವುದೂ ಅದರಲ್ಲಿಯೇ, ಕರುವನ್ನು ಸಂತೆಗೆ ಒಯ್ಯುವುದೂ ಅದರಲ್ಲಿಯೇ.

ಈ ಟ್ರಕ್ಕುಗಳ ಸಾಲಿನಲ್ಲಿ ಒಂದು ಜಾತಿ ಬಹಳ ಮಾತಿಗೆ ಗುರಿಯಾದುದು. ಫೋರ್ಡ್ ಕಂಪನಿಯ ಎಫ್ ೨೫೦, ಎಫ್ ೩೫೦ ಎಂಬ ಹೆಸರಿನ ಟ್ರಕ್ಕುಗಳಿಗೆ ೨೦೦೩ರಿಂದ ೨೦೦೭ರವರೆಗಿನ ಮಾದರಿಗಳಲ್ಲಿ ಆರು ಲೀಟರಿನ, ಎಂಟು ಸಿಲಿಂಡರಿನ ಒಂದು ಡೀಸೆಲ್ ಎಂಜಿನ್ನನ್ನು ಕೂಡಿಸಲಾಗಿತ್ತು. ಅದನ್ನು ತಯಾರಿಸಿಕೊಟ್ಟದ್ದು ಇಂಟರ್‌ನ್ಯಾಷನಲ್ ಎಂಬ ಟ್ರಕ್ಕು ಸಂಸ್ಥೆ. ಆಗ ಅದರ ಮಾತೃಸಂಸ್ಥೆಯ ಹೆಸರು ನ್ಯಾವಿಸ್ಟಾರ್ ಎಂದಿತ್ತು. ಮುನ್ನೂರ ಇಪ್ಪತ್ತೈದು ಅಶ್ವಶಕ್ತಿಯ ಈ ಎಂಜಿನ್ ಸರಿಯಿದ್ದ ದಿನ ಯೂಟ್ ಪಾಸಿನ ಏರನ್ನು ಏರೆಂದೇ ಎಣಿಸುವುದಿಲ್ಲ. ಸರಿಯಿಲ್ಲದ ದಿನ ಅದು ಮನೆಯ ಅಂಗಳವನ್ನೇ ಬಿಟ್ಟು ಕದಲುವುದಿಲ್ಲ. ಹೀಗೆ ಕದಲದಿರುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಎಂಜಿನ್ನಿನ ನೆತ್ತಿಯ ಮೇಲೆ ಕುಳಿತ ಒಂದು ಅಲ್ಯೂಮಿನಿಯಮ್ ಪೆಟ್ಟಿಗೆ. ಆ ಪೆಟ್ಟಿಗೆಗೂ ಈ ಘಟ್ಟದ ದಾರಿಗೂ ಇರುವ ಸಂಬಂಧ ಟ್ರಕ್ಕುಗಳು ಇಲ್ಲಿ ಓಡಾಡುವುದರಿಂದ ಮಾತ್ರ ಬಂದುದಲ್ಲ.

ನಗರದಿಂದ ಹದಿನೆಂಟು ಮೈಲಿ ಏರಿದ ಮೇಲೆ ಕಣಿವೆ ಬಿಚ್ಚಿಕೊಳ್ಳುತ್ತದೆ; ವುಡ್‌ಲ್ಯಾಂಡ್ ಪಾರ್ಕ್ ಎಂಬ ಊರು ಕಾಣುತ್ತದೆ. ಸಮುದ್ರಮಟ್ಟದಿಂದ ೮,೪೬೫ ಅಡಿ. ಮೋಡಗಳ ಮೇಲಿನ ನಗರ ಎಂದು ಊರಿನವರು ತಮ್ಮ ಊರನ್ನು ಕರೆದುಕೊಳ್ಳುತ್ತಾರೆ. ಕೆಳಗಿನ ಬಯಲನ್ನು ಮಂಜು ಮುಚ್ಚಿದ ಬೆಳಗಿನಲ್ಲಿ ಈ ಹೊಗಳಿಕೆ ಅಕ್ಷರಶಃ ನಿಜವಾಗುವುದೂ ಉಂಟು. ಇಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಮುಕ್ಕಾಲು ಪಾಲಿನಷ್ಟು. ಹೊಸದಾಗಿ ಬಂದವನಿಗೆ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಎಂಜಿನ್ನಿಗೂ ಅದೇ ಕಷ್ಟ. ಆದುದರಿಂದ ಗಾಳಿಯನ್ನು ಒತ್ತಿ ಒಳತಳ್ಳುವ ಟರ್ಬೊ ಯಂತ್ರಕ್ಕೆ ಇಲ್ಲಿ ಬಯಲುಸೀಮೆಗಿಂತ ಹೆಚ್ಚು ದುಡಿಮೆ.

ಪೈನ್ ಮರಗಳ ನಡುವಿನ ಈ ಊರಿನಲ್ಲಿ ಸ್ಟರ್ಮನ್ ಇಂಡಸ್ಟ್ರೀಸ್ ಎಂಬ ಒಂದು ಸಂಶೋಧನ ಸಂಸ್ಥೆ ನೆಲೆಸಿತು. ಅದನ್ನು ಸ್ಥಾಪಿಸಿದವರು ಎಡ್ಡಿ ಸ್ಟರ್ಮನ್ ಮತ್ತು ಅವರ ಪತ್ನಿ ಕ್ಯಾರೊಲ್ ಸ್ಟರ್ಮನ್. ಎಡ್ಡಿ ಸ್ಟರ್ಮನ್ ೧೯೬೦ರ ದಶಕದಲ್ಲಿ, ಮನುಷ್ಯನನ್ನು ಚಂದ್ರನಿಗೆ ಕಳುಹಿಸಿದ ಅಪೊಲೊ ಯೋಜನೆಯ ಕಾಲದಲ್ಲಿ, ವಿಶೇಷ ರೀತಿಯ ಒಂದು ಕವಾಟವನ್ನು ರೂಪಿಸಿದರು. ಆ ಕವಾಟದ ಗುಣವನ್ನು ತಿಳಿಯದೆ ಮುಂದಿನ ಕಥೆ ತಿಳಿಯುವಂತಿಲ್ಲ.

ಸಾಮಾನ್ಯವಾದ ವಿದ್ಯುತ್ ಕವಾಟವನ್ನು ತೆರೆದಿಡಬೇಕಾದರೆ ಅದು ತೆರೆದಿರುವಷ್ಟು ಹೊತ್ತೂ ವಿದ್ಯುತ್ತನ್ನು ಹರಿಸುತ್ತಿರಬೇಕು. ಬಾಗಿಲನ್ನು ಕೈಯಿಂದ ತಳ್ಳಿ ಹಿಡಿದುಕೊಂಡೇ ನಿಂತಂತೆ. ಅಂತರಿಕ್ಷನೌಕೆಯಲ್ಲಿ ವಿದ್ಯುತ್ತು ಚಿನ್ನಕ್ಕಿಂತ ದುಬಾರಿಯಾದ ವಸ್ತು. ಅಲ್ಲಿ ಹೀಗೆ ಹಿಡಿದು ನಿಲ್ಲುವ ದುಂದುಗಾರಿಕೆ ನಡೆಯದು. ಸ್ಟರ್ಮನ್ ಅವರ ಕವಾಟದಲ್ಲಿ ಇಬ್ಬದಿಗೂ ಒಂದೊಂದು ತಂತಿಸುರುಳಿ. ಒಂದು ಸುರುಳಿಗೆ ಒಂದೇ ಒಂದು ಮಿಡಿತದಷ್ಟು ವಿದ್ಯುತ್ತು ಕೊಟ್ಟರೆ ಕವಾಟ ಆ ಕಡೆಗೆ ಸರಿಯುತ್ತದೆ. ವಿದ್ಯುತ್ತು ನಿಂತ ಮೇಲೂ ಉಕ್ಕಿನಲ್ಲಿ ಉಳಿಯುವ ಕಾಂತಶಕ್ತಿಯಿಂದಲೇ ಅಲ್ಲಿಯೇ ಅಂಟಿ ನಿಲ್ಲುತ್ತದೆ. ಮುಚ್ಚಬೇಕಾದಾಗ ಇನ್ನೊಂದು ಸುರುಳಿಗೆ ಇನ್ನೊಂದು ಮಿಡಿತ. ಚಿಲಕ ಹಾಕಿದ ಬಾಗಿಲಿನಂತೆ. ಇಷ್ಟು ಸರಳವಾದ ಉಪಾಯ ಹೊಳೆಯುವುದಕ್ಕೆ ಚಂದ್ರಯಾನವೇ ಬೇಕಾಯಿತಲ್ಲಾ ಎಂದು ಬೆರಗಾಗುವುದು ಸಹಜ.

ಚಂದ್ರನಿಂದ ಭೂಮಿಗೆ ಇಳಿದ ಈ ಕವಾಟ ಡೀಸೆಲ್ ಎಂಜಿನ್ನನ್ನು ಹೊಕ್ಕಿತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಿ ಕಾಯಿಸಿದ ಗಾಳಿಯೊಳಕ್ಕೆ ಇಂಧನವನ್ನು ಧೂಳಿನಷ್ಟು ನುಣ್ಣಗೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಪಿಚಕಾರಿಗೆ ಇಂಜೆಕ್ಟರ್ ಎಂದು ಹೆಸರು. ಆರು ಲೀಟರಿನ ಎಂಜಿನ್ನಿನಲ್ಲಿ ಈ ಪಿಚಕಾರಿಯನ್ನು ಒತ್ತುವುದು ಎಂಜಿನ್ನಿನ ಕೀಲೆಣ್ಣೆಯೇ. ಒಂದು ಪಂಪು ಎಣ್ಣೆಯನ್ನು ಮೂರು ನಾಲ್ಕು ಸಾವಿರ ಪೌಂಡು ಒತ್ತಡಕ್ಕೆ ಏರಿಸುತ್ತದೆ. ಆ ಎಣ್ಣೆ ಇಂಜೆಕ್ಟರಿನ ಒಳಗಿರುವ ಅಗಲವಾದ ಕೊಂತದ ತಲೆಯನ್ನು ಒತ್ತುತ್ತದೆ. ಕೊಂತದ ತುದಿ ಅದರ ಏಳನೆಯ ಒಂದು ಪಾಲಿನಷ್ಟು ಚಿಕ್ಕದಾದ ಕಾರಣ ಡೀಸೆಲ್ಲಿನ ಮೇಲೆ ಬೀಳುವ ಒತ್ತಡ ಏಳು ಪಟ್ಟಾಗುತ್ತದೆ. ಚದರ ಅಂಗುಲಕ್ಕೆ ಸುಮಾರು ಇಪ್ಪತ್ತಾರು ಸಾವಿರ ಪೌಂಡು! ಇಂಥ ಎಣ್ಣೆಯನ್ನು ಯಾವ ಗಳಿಗೆಯಲ್ಲಿ ಒಳಬಿಡಬೇಕು, ಯಾವ ಗಳಿಗೆಯಲ್ಲಿ ತಡೆಯಬೇಕು ಎಂಬುದನ್ನು ನಿರ್ಣಯಿಸುವ ದ್ವಾರಪಾಲಕನೇ ಸ್ಟರ್ಮನ್ ಅವರ ತತ್ತ್ವದ ಮೇಲೆ ಮಾಡಿದ ಆ ಚಿಲಕದ ಕವಾಟ.

ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೆ ಸೆಕೆಂಡಿಗೆ ಇಪ್ಪತ್ತೈದು ಸಲ ಇಂಧನ ಬೀಳಬೇಕು. ಎಂಟು ಸಿಲಿಂಡರಿಗೆ ಇನ್ನೂರು ಸಲ. ಪ್ರತಿಸಲವೂ ತೆರೆಯಲು ಒಂದು ಮಿಡಿತ, ಮುಚ್ಚಲು ಒಂದು, ಒಟ್ಟು ನಾನೂರು. ಪ್ರತಿಯೊಂದು ಮಿಡಿತವೂ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಅವಧಿಯದು. ಅಷ್ಟರೊಳಗೆ ಕವಾಟ ಅತ್ತಿಂದಿತ್ತ ಹಾರಬೇಕಾದರೆ ಟ್ರಕ್ಕಿನ ಬ್ಯಾಟರಿಯ ಹನ್ನೆರಡು ವೋಲ್ಟು ಏನೇನೂ ಸಾಲದು. ನಲವತ್ತೆಂಟು ವೋಲ್ಟು ಬೇಕು, ಇಪ್ಪತ್ತು ಆಂಪಿಯರ್ ಕರೆಂಟು ಬೇಕು. ಹನ್ನೆರಡನ್ನು ನಲವತ್ತೆಂಟು ಮಾಡಿ, ಲೆಕ್ಕ ತಪ್ಪದಂತೆ ಎಂಟು ಇಂಜೆಕ್ಟರುಗಳಿಗೂ ಹಂಚುವುದೇ ಆ ಅಲ್ಯೂಮಿನಿಯಮ್ ಪೆಟ್ಟಿಗೆಯ ಕೆಲಸ. ಅದರ ಪೂರ್ಣನಾಮ ಫ್ಯುಯೆಲ್ ಇಂಜೆಕ್ಷನ್ ಕಂಟ್ರೋಲ್ ಮಾಡ್ಯೂಲ್. ಮೆಕ್ಯಾನಿಕ್ಕುಗಳು ಅದರ ಮೊದಲಕ್ಷರಗಳನ್ನು ಕೂಡಿಸಿ ಫಿಕಮ್ ಎನ್ನುತ್ತಾರೆ. ಒಳಗೆ ಎರಡು ಹಲಗೆಗಳು: ಒಂದು ಲೆಕ್ಕ ಹಾಕುವ ಹಲಗೆ, ಇನ್ನೊಂದು ವಿದ್ಯುತ್ತನ್ನು ಏರಿಸುವ ಹಲಗೆ. ಲೆಕ್ಕದ ಹಲಗೆ ಕೆಡುವುದು ಅಪರೂಪ. ಸಾಯುವುದು ಸಾಮಾನ್ಯವಾಗಿ ದುಡಿಯುವ ಹಲಗೆಯೇ.

ಅದನ್ನು ಇಟ್ಟ ಜಾಗವೂ ಅಂಥದೇ. ಎಂಜಿನ್ನಿನ ಎಡಬದಿಯ ಕವಾಟಗಳ ಮುಚ್ಚಳದ ಮೇಲೆಯೇ ಪೆಟ್ಟಿಗೆಯನ್ನು ಬಿಗಿದಿದ್ದಾರೆ. ಕೆಳಗಿನಿಂದ ಕಾವು, ಜೊತೆಗೆ ಹಗಲಿರುಳಿನ ನಡುಕ. ಒಳಗಿನ ಬೆಸುಗೆಯ ಸಂದುಗಳು ಕಾದು ಹಿಗ್ಗಿ, ತಣಿದು ಕುಗ್ಗಿ, ಕಾಲಕ್ರಮದಲ್ಲಿ ಕೂದಲೆಳೆಯಷ್ಟು ಸೀಳುತ್ತವೆ. ನಾಲ್ಕು ಅಂಗುಲ ಆಚೆಗೆ ತಂಪಾದ ಜಾಗವೊಂದನ್ನು ಹುಡುಕಿದ್ದರೆ ಎಷ್ಟೋ ಸಾವಿರ ಪೆಟ್ಟಿಗೆಗಳು ಬದುಕುತ್ತಿದ್ದವೆಂದು ಟ್ರಕ್ಕಿನವರು ಇಂದಿಗೂ ಶಪಿಸುತ್ತಾರೆ. ಶಾಪ ಅನ್ಯಾಯದ್ದೆನ್ನಲಾಗದು.

ಈಗ ದಾರಿಯನ್ನು ಮುಂದುವರಿಸಬಹುದು. ವುಡ್‌ಲ್ಯಾಂಡ್ ಪಾರ್ಕಿನಿಂದ ಪಶ್ಚಿಮಕ್ಕೆ ಡಿವೈಡ್ ಎಂಬ ಹಳ್ಳಿ, ಅದು ೯,೧೬೫ ಅಡಿಯ ದಿಣ್ಣೆ, ಆಮೇಲೆ ಫ್ಲೋರಿಸಂಟ್. ಇಲ್ಲಿ ಸುಮಾರು ಮೂರು ಕೋಟಿ ನಲವತ್ತು ಲಕ್ಷ ವರ್ಷಗಳ ಹಿಂದೆ ಅಗ್ನಿಪರ್ವತದ ಕೆಸರಿನಲ್ಲಿ ಹೂತುಹೋಗಿ ಕಲ್ಲಾದ ರೆಡ್‌ವುಡ್ ಮರಗಳ ಬುಡಗಳಿವೆ. ನೊಣ, ಚಿಟ್ಟೆ, ಎಲೆಗಳ ಅಚ್ಚುಗಳು ಕಾಗದದಷ್ಟು ತೆಳುವಾದ ಶಿಲಾಪದರಗಳಲ್ಲಿ ಉಳಿದಿವೆ. ೧೯೬೯ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಕಾಪಾಡಿಕೊಂಡರು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇಲ್ಲಿ ಅರ್ಧ ದಿನವಾದರೂ ಕಳೆಯಬೇಕು. ಲೇಕ್ ಜಾರ್ಜ್ ದಾಟಿದ ಮೇಲೆ ರಸ್ತೆ ಮತ್ತೆ ಏರಿ ೯,೫೦೭ ಅಡಿಯ ವಿಲ್ಕರ್‌ಸನ್ ಪಾಸನ್ನು ತಲಪುತ್ತದೆ.

ಆ ನೆತ್ತಿಯನ್ನು ದಾಟಿದೊಡನೆ ಕಾಣುವ ನೋಟ ಎಂಥವನನ್ನೂ ಮಾತು ಮರೆಸುವಂಥದು. ಇಷ್ಟು ಹೊತ್ತು ಮರಗಳ ನಡುವೆ ಇಕ್ಕಟ್ಟಿನಲ್ಲಿ ಬಂದ ಕಣ್ಣಿಗೆ ಇದ್ದಕ್ಕಿದ್ದಂತೆ ಒಂದು ಸಮುದ್ರದಷ್ಟು ಹುಲ್ಲು. ಸುತ್ತಲೂ ಹಿಮದ ಶಿಖರಗಳ ಅಂಚು. ನಡುವೆ ಒಂಬತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ ತಟ್ಟೆಯಂತೆ ಹಾಸಿದ ಮಾಳ. ಇದಕ್ಕೆ ಸೌತ್ ಪಾರ್ಕ್ ಎಂದು ಹೆಸರು. ಬೈಸನ್ ಹಿಂಡುಗಳು ನಿರ್ನಾಮವಾದ ಮೇಲೆ ಇಲ್ಲಿ ದನಗಳು ಬಂದವು. ಹಾರ್ಟ್ಸೆಲ್ ಎಂಬ ಹಳ್ಳಿಯ ಹೆಸರೇ ಮೊದಮೊದಲು ಇಲ್ಲಿ ದನ ಕಟ್ಟಿದವನೊಬ್ಬನದು. ಇಪ್ಪತ್ತನೆಯ ಶತಮಾನದಲ್ಲಿ ಡೆನ್ವರ್, ಅರೋರಾ ಮುಂತಾದ ನಗರಗಳು ಬೆಟ್ಟದ ಮೇಲಿನ ನೀರಿನ ಹಕ್ಕುಗಳನ್ನು ಕೊಂಡುಕೊಂಡವು. ನೀರು ಹೋದ ಕಡೆ ಹುಲ್ಲಿನ ಗದ್ದೆಗಳು ಒಣಗಿದವು. ಜಲಾಶಯಗಳು ಮಾತ್ರ ತುಂಬಿ ಹೊಳೆಯುತ್ತವೆ. ಪ್ರವಾಸಿಗರು ಅಲ್ಲಿ ಮೀನು ಹಿಡಿಯುತ್ತಾರೆ. ಉಳಿದ ದನಗಾರರದು ಕೈಗೂ ಬಾಯಿಗೂ ಸರಿಹೋಗುವ ಸಂಸಾರ. ಹೊಸ ಟ್ರಕ್ಕು ಕೊಳ್ಳುವ ಮಾತು ಅಂಥ ಮನೆಗಳಲ್ಲಿ ಸುಲಭವಾಗಿ ಏಳುವುದಿಲ್ಲ. ಇಪ್ಪತ್ತು ವರ್ಷದ ಹಳೆಯ ಟ್ರಕ್ಕು ಅಲ್ಲಿ ಮನೆಯ ಹಿರಿಯ ಮಗನಂತೆ.

ಬೇಸಗೆಯ ಸೌತ್ ಪಾರ್ಕನ್ನು ಕಂಡವನು ಚಳಿಗಾಲದ ಸೌತ್ ಪಾರ್ಕನ್ನು ಊಹಿಸಲಾರ. ಗಾಳಿಗೆ ಅಡ್ಡ ನಿಲ್ಲಲು ಒಂದು ಮರವಿಲ್ಲ. ಸುತ್ತಲಿನ ಶಿಖರಗಳಿಂದ ಇಳಿದ ತಣ್ಣನೆಯ ಗಾಳಿ ರಾತ್ರಿ ತಟ್ಟೆಯ ತಳದಲ್ಲಿ ಮಡುಗಟ್ಟುತ್ತದೆ. ಜನವರಿಯಲ್ಲಿ ಉಷ್ಣಮಾನ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವುದುಂಟು. ಹಿಮದಡಿಯ ಹುಲ್ಲನ್ನು ದನ ಮೇಯಲಾರದು. ಪ್ರತಿದಿನ ಬೆಳಗ್ಗೆ ಟ್ರಕ್ಕಿನ ಮೇಲೆ ಒಣಹುಲ್ಲಿನ ಪೆಂಡಿಗಳನ್ನು ಹೇರಿ, ಮಾಳದ ನಡುವೆ ನಿಧಾನವಾಗಿ ಓಡಿಸುತ್ತ, ಹಿಂದೆ ಒಬ್ಬರು ನಿಂತು ಹುಲ್ಲನ್ನು ಬಿಡಿಸಿ ಚೆಲ್ಲುತ್ತ ಹೋಗಬೇಕು. ಅನೇಕ ಮನೆಗಳಲ್ಲಿ ಟ್ರಕ್ಕು ಓಡಿಸುವುದು ಹೆಂಡತಿ, ಹುಲ್ಲು ಚೆಲ್ಲುವುದು ಗಂಡ. ಹಬ್ಬವೆಂದು, ಜ್ವರವೆಂದು, ಟ್ರಕ್ಕು ಹೊರಡಲಿಲ್ಲವೆಂದು ಈ ಕೆಲಸಕ್ಕೆ ರಜೆಯಿಲ್ಲ. ಕಡುಚಳಿಯಲ್ಲಿ ದನದ ಮೈಯ ಕಾವು ಉಳಿಯುವುದೇ ಹೊಟ್ಟೆಯಲ್ಲಿ ಹುಲ್ಲು ಕರಗುವುದರಿಂದ. ಹುಲ್ಲು ತಪ್ಪಿದರೆ ಮೊದಲು ಸೊರಗುವುದು ಗಬ್ಬದ ಹಸುಗಳು.

ಅಂಥ ಬೆಳಗ್ಗೆ ಬೀಗದಕೈ ತಿರುಗಿಸಿದಾಗ ಟ್ರಕ್ಕಿನೊಳಗೆ ನಡೆಯುವುದೇನು? ಸಿಲಿಂಡರುಗಳನ್ನು ಕಾಯಿಸುವ ಎಂಟು ಗ್ಲೋ ಪ್ಲಗ್ಗುಗಳು ಮೊದಲು ಬ್ಯಾಟರಿಗೆ ಬಾಯಿ ಹಾಕುತ್ತವೆ. ಬಳಿಕ ಸ್ಟಾರ್ಟರ್ ಮೋಟಾರು. ಜೇನಿನಂತೆ ಗಟ್ಟಿಯಾದ ಎಣ್ಣೆಯಲ್ಲಿ ಹೂತ ಎಂಜಿನ್ನನ್ನು ತಿರುಗಿಸುವ ಭಾರ ಅದರದು. ಟ್ರಕ್ಕಿನಲ್ಲಿ ಎರಡು ಬ್ಯಾಟರಿಗಳಿದ್ದರೂ ಕಡುಚಳಿಯಲ್ಲಿ ಅವುಗಳ ಶಕ್ತಿ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. ಹನ್ನೆರಡು ಇರಬೇಕಾದ ವೋಲ್ಟು ಹತ್ತಕ್ಕೆ, ಒಂಬತ್ತಕ್ಕೆ, ಎಂಟಕ್ಕೆ ಕುಸಿಯುತ್ತದೆ. ಅದೇ ಗಳಿಗೆಯಲ್ಲಿ ಫಿಕಮ್ ತನ್ನ ನಲವತ್ತೆಂಟನ್ನು ಕೊಡಲೇಬೇಕು. ವ್ಯಾಪಾರದ ಲೆಕ್ಕದಂತೆ ವಿದ್ಯುತ್ತಿನ ಲೆಕ್ಕವೂ ಕಟ್ಟುನಿಟ್ಟು: ಹನ್ನೆರಡರಿಂದ ನಲವತ್ತೆಂಟು ಪಡೆಯಲು ನಾಲ್ಕು ಪಟ್ಟು ಕರೆಂಟು ಎಳೆದರೆ ಸಾಕು, ಎಂಟರಿಂದ ಪಡೆಯಲು ಆರು ಪಟ್ಟು ಎಳೆಯಬೇಕು. ಎಳೆದಷ್ಟೂ ಹಲಗೆ ಕಾಯುತ್ತದೆ. ಹಿಮಗಟ್ಟಿದ ಹಲಗೆ ಕ್ಷಣಾರ್ಧದಲ್ಲಿ ಕಾದಾಗ ಮೊದಲೇ ಸೀಳಿದ್ದ ಬೆಸುಗೆ ಇನ್ನಷ್ಟು ಬಿಡುತ್ತದೆ. ಹೀಗೆ ಬ್ಯಾಟರಿಯ ರೋಗ ಪೆಟ್ಟಿಗೆಗೆ ಅಂಟುತ್ತದೆ.

ರೋಗ ಅಲ್ಲಿಗೇ ನಿಲ್ಲುವುದಿಲ್ಲ. ನಲವತ್ತೆಂಟು ನಲವತ್ತಕ್ಕಿಳಿದರೆ ಕವಾಟದ ಚಿಲಕ ಪೂರ್ತಿ ಹಾರುವುದಿಲ್ಲ. ಗಟ್ಟಿಯಾದ ಎಣ್ಣೆಯ ಪೊರೆ ಕವಾಟವನ್ನು ಅಂಟಿನಂತೆ ಹಿಡಿದುಕೊಂಡಿರುತ್ತದೆ. ಅದನ್ನು ಕಿತ್ತು ಬಿಡಿಸುವ ಬಲ ಮಿಡಿತಕ್ಕೆ ಇರುವುದಿಲ್ಲ. ಎಂಜಿನ್ ತಿರುಗುತ್ತದೆ, ಬೆಳ್ಳನೆಯ ಹೊಗೆ ಉಗುಳುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಂಡರೂ ಎಂಟರಲ್ಲಿ ಐದು ಸಿಲಿಂಡರು ಮಾತ್ರ ಕೆಲಸ ಮಾಡಿ ಕುಂಟುತ್ತದೆ. ಯಜಮಾನ ಇಂಜೆಕ್ಟರು ಕೆಟ್ಟಿತೆಂದು ತಿಳಿದು ಎಂಟು ಇಂಜೆಕ್ಟರುಗಳ ಬೆಲೆ ವಿಚಾರಿಸುತ್ತಾನೆ, ವಿಚಾರಿಸಿ ಕುಳಿತುಬಿಡುತ್ತಾನೆ. ಕೆಟ್ಟದ್ದು ಇಂಜೆಕ್ಟರಲ್ಲ, ಅದಕ್ಕೆ ಅನ್ನ ಬಡಿಸುವ ಕೈ ಎಂಬುದು ಎಷ್ಟೋ ಜನಕ್ಕೆ ಹಣ ಕಳೆದುಕೊಂಡ ಮೇಲೆ ತಿಳಿದ ಸಂಗತಿ.

ಇದೇ ಎಂಜಿನ್ನಿನ ಕಾರಣದಿಂದ ದೊಡ್ಡವರ ಮನೆಯಲ್ಲಿಯೂ ಜಗಳವಾಯಿತು. ರಿಪೇರಿಯ ಖರ್ಚನ್ನು ಯಾರು ಹೊರಬೇಕು, ಎಂಜಿನ್ನಿನ ಬೆಲೆಯೆಷ್ಟು ಎಂಬ ವಿವಾದದಲ್ಲಿ ಫೋರ್ಡ್ ಮತ್ತು ನ್ಯಾವಿಸ್ಟಾರ್ ಕಂಪನಿಗಳು ೨೦೦೭ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ೨೦೦೯ರ ಜನವರಿಯಲ್ಲಿ ರಾಜಿಯಾದರು. ೨೦೧೧ರ ಮಾದರಿಯಿಂದ ಫೋರ್ಡ್ ತನ್ನ ಈ ಟ್ರಕ್ಕುಗಳಿಗೆ ತನ್ನದೇ ಡೀಸೆಲ್ ಎಂಜಿನ್ನನ್ನು ಮಾಡಿಕೊಂಡಿತು. ಮದುವೆ ಮುರಿಯಿತು, ಮಕ್ಕಳು ಬೀದಿಯಲ್ಲಿ ಉಳಿದವು. ಆ ಟ್ರಕ್ಕುಗಳನ್ನು ಸಾಲ ಮಾಡಿ ಕೊಂಡವರು ಬಿಸಾಡುವಂತಿರಲಿಲ್ಲ.

ಕಂಪನಿಯವರು ಒಂದು ಉಪಾಯವನ್ನು ಮಾಡದೆ ಬಿಡಲಿಲ್ಲ. ಪೆಟ್ಟಿಗೆಯ ಒಳಗಿನ ಲೆಕ್ಕವನ್ನು, ಎಂದರೆ ಪ್ರೋಗ್ರಾಮನ್ನು, ಬದಲಿಸಿದರು. ಹೊಸ ಲೆಕ್ಕದಂತೆ ಚಳಿಯಲ್ಲಿ ಎಂಜಿನ್ ಹೊರಡುವ ಮುನ್ನ ಕವಾಟದ ಸುರುಳಿಗಳಿಗೆ ಮಿಡಿತಗಳನ್ನು ಕಳುಹಿಸಿ ಅವುಗಳನ್ನು ಬೆಚ್ಚಗೆ ಮಾಡಿ ಅಂಟು ಬಿಡಿಸುವುದು. ಇಂಜೆಕ್ಟರಿಗೆ ಇದು ಒಳ್ಳೆಯದಾಯಿತು. ಆದರೆ ದುರ್ಬಲವಾದ ಹಲಗೆಗೆ ಚಳಿಯ ಬೆಳಗಿನಲ್ಲಿಯೇ ಹೆಚ್ಚಿನ ದುಡಿಮೆ ಬಿತ್ತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಯಲಾಗುವ ಗಿಡ್ಡ ಹೊದಿಕೆಯಂತೆ.

ನಿಜವಾದ ಮದ್ದು ಹುಟ್ಟಿದ್ದು ಸಣ್ಣ ಕಾರ್ಖಾನೆಗಳಲ್ಲಿ, ದನದ ಕೊಟ್ಟಿಗೆಗಳ ಪಕ್ಕದ ಶೆಡ್ಡುಗಳಲ್ಲಿ. ಪರೀಕ್ಷೆಯ ಕ್ರಮ ಅಷ್ಟೇನೂ ಕಠಿಣವಲ್ಲ. ಪೆಟ್ಟಿಗೆಯ ಮೇಲಿನ ಚಿಕ್ಕ ಮುಚ್ಚಳವನ್ನು ತೆಗೆದರೆ ಒಳಗೆ ಸ್ಕ್ರೂಗಳ ತಲೆ ಕಾಣುತ್ತದೆ. ಮೀಟರಿನ ಕಡ್ಡಿಯನ್ನು ಅಲ್ಲಿ ಮುಟ್ಟಿಸಿ ಬೀಗದಕೈ ತಿರುಗಿಸಿದಾಗ, ಎಂಜಿನ್ ತಿರುಗಿಸುವಾಗ, ಎಂಜಿನ್ ಓಡುವಾಗ ಮೂರು ಸಲ ನೋಡಬೇಕು. ಮೂರು ಸಲವೂ ನಲವತ್ತೆಂಟರ ಆಸುಪಾಸಿನಲ್ಲಿ ಮುಳ್ಳು ಕದಲದೆ ನಿಂತರೆ ಪೆಟ್ಟಿಗೆ ಆರೋಗ್ಯವಾಗಿದೆ. ನಲವತ್ತೈದರ ಕೆಳಗೆ ಜಾರಿದರೆ ಚಿಕಿತ್ಸೆ ಬೇಕು. ಮುಖ್ಯವಾದದ್ದು, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಕಾದ ಮೇಲೆ ಸೀಳಿದ ಬೆಸುಗೆ ಹಿಗ್ಗಿ ಕೂಡಿಕೊಂಡು ಸುಳ್ಳು ಹೇಳುತ್ತದೆ.

ಕೈಚಳಕ ಬಲ್ಲವರು ಪೆಟ್ಟಿಗೆಯನ್ನು ಬಿಚ್ಚಿ, ಶೀತಕದ ತೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಹಲಗೆಯನ್ನು ಅಡಿಗೆಮನೆಯ ಮೇಜಿನ ಮೇಲೆ ಇಟ್ಟು, ಸೀಳಿದ ಸಂದುಗಳಿಗೆ ಮತ್ತೆ ಬೆಸುಗೆ ಹಾಕಿಕೊಂಡರು. ಎಷ್ಟೋ ಟ್ರಕ್ಕುಗಳು ಅಷ್ಟರಿಂದಲೇ ಎದ್ದವು. ಇನ್ನು ಕೆಲವರು ವಿದ್ಯುತ್ತು ಏರಿಸುವ ಹಲಗೆಯನ್ನೇ ಹೊಸದಾಗಿ ರೂಪಿಸಿದರು: ದಪ್ಪನೆಯ ತಾಮ್ರದ ಪಟ್ಟಿಗಳು, ಹೆಚ್ಚು ಕಾವು ತಡೆಯುವ ಬಿಡಿಭಾಗಗಳು, ನಡುಕಕ್ಕೆ ಅಲುಗದ ಜೋಡಣೆ. ಹಳೆಯ ಪೆಟ್ಟಿಗೆಯ ತಳವನ್ನು ಬಿಚ್ಚಿ ಹೊಸ ಹಲಗೆಯನ್ನು ಕೂಡಿಸಿದರೆ ಲೆಕ್ಕದ ಹಲಗೆ ಹಳೆಯದೇ ಉಳಿಯುತ್ತದೆ. ಟ್ರಕ್ಕಿಗೆ ಹೊಸ ಪಾಠ ಹೇಳಬೇಕಾಗಿಲ್ಲ. ಇಡೀ ಪೆಟ್ಟಿಗೆ ಬದಲಾಯಿಸುವವನು ಮಾತ್ರ ಎಚ್ಚರದಿಂದಿರಬೇಕು. ಬೇರೊಂದು ವರ್ಷದ ಮಾದರಿಯ ಲೆಕ್ಕ ತುಂಬಿದ ಪೆಟ್ಟಿಗೆ ಎಷ್ಟೇ ಹೊಸದಾದರೂ ಎಂಜಿನ್ನಿನೊಡನೆ ಹೊಂದಿಕೊಳ್ಳದೆ ಮುಷ್ಕರ ಹೂಡಬಹುದು.

ಇಲ್ಲಿಂದ ಮುಂದಿನದು ವಾದದ ವಿಷಯ. ನಲವತ್ತೆಂಟಕ್ಕೆ ಏಕೆ ನಿಲ್ಲಬೇಕು, ಐವತ್ತೆಂಟು ಕೊಟ್ಟರೆ ಕವಾಟ ಇನ್ನೂ ಚುರುಕಾಗಿ ಹಾರುವುದಲ್ಲವೇ ಎಂದು ಕೆಲವರು ಐವತ್ತೆಂಟು ವೋಲ್ಟಿನ ಹಲಗೆಗಳನ್ನು ತಯಾರಿಸಿದರು. ಚಳಿಯ ಬೆಳಗಿನಲ್ಲಿ ಅಂಟಿದ ಕವಾಟವನ್ನು ಕಿತ್ತು ಬಿಡಿಸಲು ಅದು ನೆರವಾಗುತ್ತದೆಂಬುದನ್ನು ಬಳಸಿದವರು ಅನೇಕರು ಒಪ್ಪುತ್ತಾರೆ. ನಲವತ್ತೆಂಟಕ್ಕೆಂದು ಮಾಡಿದ ಸುರುಳಿಗೆ, ತಂತಿಗೆ ಐವತ್ತೆಂಟು ಹಾಯಿಸುವುದು ಮುದಿಕುದುರೆಗೆ ಚಾಟಿ ಬೀಸಿದಂತೆ ಎಂದು ಎದುರುಪಕ್ಷದವರು ವಾದಿಸುತ್ತಾರೆ. ಇಪ್ಪತ್ತು ವರ್ಷ ಕಾವು ಕುಡಿದ ತಂತಿಗಳ ಸ್ಥಿತಿಯನ್ನು ನೆನೆದರೆ ದನಗಾರನ ಟ್ರಕ್ಕಿಗೆ ಗಟ್ಟಿಮುಟ್ಟಾದ ನಲವತ್ತೆಂಟೇ ಲೇಸೆಂದು ತೋರುತ್ತದೆ. ಘಟ್ಟದ ಏರಿನಲ್ಲಿ ಇನ್ನೊಬ್ಬನನ್ನು ಹಿಂದೆ ಹಾಕುವ ಹಂಬಲದವನ ಮಾತು ಬೇರೆ.

ಎರಡು ಪಕ್ಷದವರಿಗೂ ಒಪ್ಪಿಗೆಯಾದ ಮಾತೊಂದಿದೆ. ಹೊಸ ಹಲಗೆ ಹಾಕಿ ಹಳೆಯ ಬ್ಯಾಟರಿಯನ್ನೇ ಉಳಿಸಿಕೊಂಡವನ ಹಣ ನೀರಿನ ಪಾಲು. ಎರಡು ಬ್ಯಾಟರಿಗಳನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದು ಮುದುಕ ಒಂದು ಯುವಕನಾದರೆ ಮುದುಕ ಯುವಕನನ್ನೂ ಎಳೆದುಕೊಂಡು ಬೀಳುತ್ತಾನೆ. ಬ್ಯಾಟರಿಗೆ ಅನ್ನ ಕೊಡುವ ಆಲ್ಟರ್ನೇಟರು ಸೋತಿದ್ದರೆ ಹೆಚ್ಚಿನ ಸಾಮರ್ಥ್ಯದ್ದನ್ನು ಕೂಡಿಸಬೇಕು. ತಂತಿಗಳ ತುದಿಯ ತುಕ್ಕನ್ನು ಉಜ್ಜಬೇಕು. ಚಳಿಗೆ ತಕ್ಕ ತೆಳ್ಳನೆಯ ಎಣ್ಣೆ ಹಾಕಬೇಕು. ಸೌತ್ ಪಾರ್ಕಿನ ಮನೆಗಳಲ್ಲಿ ರಾತ್ರಿ ಮಲಗುವ ಮುನ್ನ ಎಂಜಿನ್ನಿನ ಒಳಗಿರುವ ಹೀಟರಿನ ತಂತಿಯನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಬರುವುದು ಬಾಗಿಲಿಗೆ ಅಗಳಿ ಹಾಕಿದಷ್ಟೇ ಸಹಜವಾದ ಕೆಲಸ. ಮನೆಯಿಂದ ಅಂಗಳಕ್ಕೆ ಹಿಮದ ಮೇಲೆ ಹರಿದುಹೋದ ಆ ಕೇಸರಿ ಬಣ್ಣದ ತಂತಿಯನ್ನು ಕಂಡರೆ ಸಾಕು, ಒಳಗೆ ಡೀಸೆಲ್ ಟ್ರಕ್ಕು ಮಲಗಿದೆಯೆಂದು ತಿಳಿಯುತ್ತದೆ.

ಬೆಳಕು ಹರಿಯುವ ಮುನ್ನವೇ ದನಗಳು ಬೇಲಿಯ ಬಳಿಗೆ ಬಂದು ನಿಂತಿರುತ್ತವೆ. ಬೆನ್ನಿನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಇರುತ್ತದೆ. ಮೂಗಿನ ಉಸಿರು ಹೊಗೆಯಾಗಿ ಏಳುತ್ತದೆ. ಅಂಗಳದಲ್ಲಿ ತಂತಿಯನ್ನು ಕಿತ್ತು ಸುತ್ತಿಡುವ ಸದ್ದು, ಬಾಗಿಲು ಮುಚ್ಚುವ ಸದ್ದು. ಆಮೇಲೆ ಸ್ಟಾರ್ಟರಿನ ನರಳಾಟ ಒಂದು ಕ್ಷಣ, ಎರಡು ಕ್ಷಣ. ಮೂರನೆಯ ಕ್ಷಣಕ್ಕೆ ಎಂಟು ಸಿಲಿಂಡರುಗಳೂ ಒಂದಾದಮೇಲೊಂದು ಹೊತ್ತಿಕೊಂಡು ಗಡಗಡನೆ ನಗುತ್ತವೆ. ಆ ಸದ್ದು ಕೇಳಿದೊಡನೆ ದನಗಳು ತಲೆಯೆತ್ತಿ ಸಾಲುಗೂಡಿ ಗೇಟಿನ ಕಡೆಗೆ ನಡೆಯತೊಡಗುತ್ತವೆ.